ಪದಕವನ್ನು ಪೂಜಿಸದ ಓಟಗಾರ

ವಿಗ್ರಹವೆಂದರೆ ಕಲ್ಲಿನದ್ದೇ ಎಂದುಕೊಂಡಿದ್ದೆ, ಎರಿಕ್ ಲಿಡೆಲ್ ಅವರ ಬದುಕನ್ನು ಓದುವವರೆಗೆ.

ಸ್ಕಾಟ್ಲೆಂಡಿನ ಮಿಷನರಿ ದಂಪತಿಯ ಮಗನಾಗಿ 1902ರಲ್ಲಿ ಚೀನಾದಲ್ಲಿ ಹುಟ್ಟಿದ ಅವರು ಎಡಿನ್‌ಬರೊದಲ್ಲಿ ವಿಜ್ಞಾನ ಓದಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಹೀಟ್ಸ್ ಭಾನುವಾರ ನಿಗದಿಯಾಗಿತ್ತು. ಅದು ದೇವರ ಆರಾಧನೆಯ ದಿನವೆಂದು ಅವರು ಓಡಲಿಲ್ಲ. ಟೀಕೆಗೂ ಜಗ್ಗಲಿಲ್ಲ. 400 ಮೀಟರ್‌ಗೆ ತಯಾರಾಗಿ, 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಮರುವರ್ಷವೇ ಆ ಕೀರ್ತಿಯನ್ನೂ ಬಿಟ್ಟು ಚೀನಾಕ್ಕೆ ಹೋಗಿ ಮಕ್ಕಳಿಗೆ ವಿಜ್ಞಾನ ಕಲಿಸಿದರು. ಯುದ್ಧಕಾಲದಲ್ಲಿ ಜಪಾನೀಯರ ಬಂಧನ ಶಿಬಿರದಲ್ಲೂ ಪಾಠ ಹೇಳಿದರು. 1945ರಲ್ಲಿ ಅಲ್ಲಿಯೇ, ಮೆದುಳಿನ ಗೆಡ್ಡೆಯಿಂದ 43ನೇ ವಯಸ್ಸಿಗೆ ತೀರಿಕೊಂಡರು.

ಪ್ಲೇಸ್‌ಮೆಂಟ್ ತಯಾರಿಗೆಂದು ನಾನು ಈ ಸೆಮಿಸ್ಟರ್ ಪೂರ್ತಿ ಚರ್ಚಿಗೆ ಹೋಗಿಲ್ಲ. ಜೀವವಿಲ್ಲದ ಪ್ಯಾಕೇಜಿನ ಅಂಕಿಯನ್ನೇ ಜೀವವುಳ್ಳ ದೇವರ ಜಾಗದಲ್ಲಿ ಕೂರಿಸಿದ್ದೆ. ಶನಿವಾರವೇ ಓದು ಮುಗಿಸಿ, ಈ ಭಾನುವಾರ ಆರಾಧನೆಗೆ ಹೋಗುತ್ತೇನೆ.