ಗೋಪಾಲಗೌಡರು ಸೋತ ಚುನಾವಣೆ

ಕವಲೇದುರ್ಗದ ಕೋಟೆಯಿರುವ ತೀರ್ಥಹಳ್ಳಿ ತಾಲ್ಲೂಕಿನದೇ ಊರು ಆರಗ. ಅಲ್ಲಿಯವರಾದ ಶಾಂತವೇರಿ ಗೋಪಾಲಗೌಡರು (1923–1972) ಮೊದಲು ಶಾಸಕರಾದದ್ದು 1952ರಲ್ಲಿ, ಸಾಗರ–ಹೊಸನಗರ ಕ್ಷೇತ್ರದಿಂದ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವನ್ನು ಪ್ರಶ್ನಿಸಿ ರೈತರು ಜೈಲು ತುಂಬಿದ, ಸ್ವತಃ ಲೋಹಿಯಾ ಬಂಧನಕ್ಕೊಳಗಾದ 1951ರ ಕಾಗೋಡು ಸತ್ಯಾಗ್ರಹದ ಕಾವು ಆಗಿನ್ನೂ ಆರಿರಲಿಲ್ಲ.

1957ರಲ್ಲಿ ಶಾಸಕರಾಗಿದ್ದುಕೊಂಡೇ ಅವರು ತೀರ್ಥಹಳ್ಳಿಯಲ್ಲಿ ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣರೆದುರು ಸೋತರು. ಸದನದಲ್ಲಿ ಅವರ ದನಿ ಕುಗ್ಗಿತ್ತೆನ್ನುವಂತಿಲ್ಲ. ಗೇಣಿದಾರರ ಹಕ್ಕಿಗೂ ಏಕೀಕರಣಕ್ಕೂ ಅದು ಗಟ್ಟಿಯಾಗಿಯೇ ಮೊಳಗಿತ್ತು. ಆದರೆ 1955ರ ಕೊನೆಗೆ ಸಮಾಜವಾದಿಗಳು ಒಡೆದು, ಲೋಹಿಯಾ ಬೇರೆ ಪಕ್ಷ ಕಟ್ಟಿದ್ದರು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು: ಹೋರಾಟ ನಡೆದದ್ದು ಸಾಗರದ ಸೀಮೆಯಲ್ಲಿ, ಮತ ಕೇಳಬೇಕಾದದ್ದು ತುಂಗೆಯ ದಂಡೆಯಲ್ಲಿ. ಒಡೆಯನ ಮರ್ಜಿಯಲ್ಲಿ ಗದ್ದೆ ಮಾಡುವ ಒಕ್ಕಲಿಗೆ, ಬೆನ್ನಿಗೊಂದು ಚಳವಳಿಯಿಲ್ಲದಿದ್ದರೆ ಗುಟ್ಟಿನ ಮತಪೆಟ್ಟಿಗೆಯೂ ಧೈರ್ಯ ತುಂಬದು. ಹುಟ್ಟೂರಿನ ಅಭಿಮಾನ (ಅದನ್ನು ನಾವು ಯಾವಾಗಲೂ ಹೆಚ್ಚಾಗಿಯೇ ಎಣಿಸುತ್ತೇವೆ) ಆ ಕೊರತೆಯನ್ನು ತುಂಬಲಿಲ್ಲವೆಂದೇ ನನಗೆ ತೋರುತ್ತದೆ.

ಗೌಡರು ಕ್ಷೇತ್ರ ಬಿಡಲಿಲ್ಲ. ಅದೇ ತೀರ್ಥಹಳ್ಳಿ 1962ರಲ್ಲಿ, ಮತ್ತೆ 1967ರಲ್ಲಿ, ಅವರನ್ನು ವಿಧಾನಸಭೆಗೆ ಕಳುಹಿಸಿತು. 1972ರ ಜೂನ್‌ನಲ್ಲಿ ಅವರು ತೀರಿಕೊಂಡರು. ಉಳುವವನಿಗೇ ಒಡೆತನ ನೀಡುವ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು.