ಕೆಲಸವನ್ನೇ ಬದುಕಿನ ಕಥೆಯಾಗಿ ಹೇಳಿದವರು

ಮಂಡ್ಯ, ಮದ್ದೂರು, ಮಳವಳ್ಳಿಯ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೊರಡುವ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷವೂ ನನ್ನನ್ನು ಒಂದು ಮಾತು ಕೇಳುತ್ತಾರೆ. ತರಗತಿಯಲ್ಲಿ ನಮ್ಮ ಬದುಕಿನ ವಿಷಯ ಹೇಳಬಹುದೇ? ಹೇಳಿದರೆ ಎಷ್ಟು ಹೇಳಬೇಕು? ಇದಕ್ಕೆ ಉತ್ತರವಾಗಿ ನಾನು ಸರ್ ಎಂ. ವಿಶ್ವೇಶ್ವರಯ್ಯನವರ ಬದುಕನ್ನು ಅವರ ಮುಂದಿಡುತ್ತೇನೆ.

ಈ ಭಾಗದ ಮಕ್ಕಳಿಗೆ ಅವರು ಹೊಸಬರಲ್ಲ. ಮಂಡ್ಯ ನಗರದಲ್ಲಿ ಅವರ ಪ್ರತಿಮೆಯಿದೆ, ಗದ್ದೆಗೆ ಬರುವ ನೀರು ವಿ.ಸಿ. ನಾಲೆಯದು. ಆದರೆ ಮಕ್ಕಳಿಗೆ ಗೊತ್ತಿರುವುದು ಪ್ರತಿಮೆಯ ವಿಶ್ವೇಶ್ವರಯ್ಯನವರು. ಕೆಲಸ ಮಾಡಿದ ವಿಶ್ವೇಶ್ವರಯ್ಯನವರನ್ನು ಪರಿಚಯಿಸುವುದು ಶಿಕ್ಷಕರ ಪಾಲಿಗೆ ಉಳಿದಿದೆ.

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಬೇರೆಯವರ ಮನೆಯ ಮಕ್ಕಳಿಗೆ ಪಾಠ ಹೇಳಿ ಖರ್ಚು ನಿಭಾಯಿಸಿಕೊಂಡರು. 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತರು. ನಾಡು ಕಂಡ ದೊಡ್ಡ ಎಂಜಿನಿಯರ್ ಮೊದಲು ಮನೆಪಾಠದ ಮೇಷ್ಟ್ರಾಗಿದ್ದರು ಎಂದು ನಾನು ಹೇಳಿದಾಗ ಪ್ರಶಿಕ್ಷಣಾರ್ಥಿಗಳು ತಲೆಯೆತ್ತಿ ನೋಡುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಸಂಜೆ ಟ್ಯೂಷನ್ ಹೇಳಿಯೇ ಬಿ.ಇಡಿ. ಶುಲ್ಕ ಕಟ್ಟಿದವರು.

1884ರಲ್ಲಿ ಬೊಂಬಾಯಿ ಸರ್ಕಾರದ ಕೆಲಸಕ್ಕೆ ಸೇರಿದ ಅವರು, ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾನಾಗಿಯೇ ತೆರೆದುಕೊಳ್ಳುವ ಗೇಟುಗಳನ್ನು ರೂಪಿಸಿದರು. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿನ ರಕ್ಷಣೆಗೆ ಯೋಜನೆ ಕೊಟ್ಟರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದಲೇ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ಹೊಳೆಗೆ ವರ್ಷವಿಡೀ ನೀರು, ಬಯಲುಸೀಮೆಯ ಹೊಲಕ್ಕೆ ನಾಲೆ: ಕಟ್ಟೆಯ ಉದ್ದೇಶ ಈ ಎರಡೂ ಆಗಿತ್ತು. ಹಣ ಎಲ್ಲಿಂದ ಎಂಬ ಆಕ್ಷೇಪ ಒಳಗೆ, ಮದ್ರಾಸ್ ಸರ್ಕಾರದ ವಿರೋಧ ಹೊರಗೆ. ಮೊದಲಿಗೆ ಒಪ್ಪಿಗೆ ಸಿಕ್ಕಿದ್ದು ಕಡಿಮೆ ಎತ್ತರದ ಕಟ್ಟೆಗೆ ಮಾತ್ರ. ಆದರೂ ಅಡಿಪಾಯವನ್ನು ಪೂರ್ತಿ ಎತ್ತರಕ್ಕೆ ತಕ್ಕಂತೆಯೇ ಹಾಕಲಾಯಿತು. 1924ರ ಒಪ್ಪಂದದ ನಂತರ ದಾರಿ ಸುಗಮವಾಯಿತು. ಇಂದು ಮಂಡ್ಯದ ಪುಟ್ಟ ಮಗುವಿಗೂ 124.80 ಅಡಿ ಎಂದರೆ ಕಟ್ಟೆ ತುಂಬಿತು ಎಂದರ್ಥ. ಇರ್ವಿನ್ ನಾಲೆಯ ನೀರು ಹರಿದ ಮೇಲೆ ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಂಪನಿ ಬಂತು. ಆ ನಾಲೆಗೇ ನಂತರ ವಿಶ್ವೇಶ್ವರಯ್ಯ ನಾಲೆ ಎಂಬ ಹೆಸರಾಯಿತು.

1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯ್ದೆ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆ ಕಾಲದವು. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಆದ್ಯತೆ ಕೊಡುವ ವಿಚಾರದಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ನಿಲುವಿಗೆ ಅವರು ಒಪ್ಪಲಿಲ್ಲ, ಹುದ್ದೆ ಬಿಟ್ಟರು. ಇದನ್ನು ಹೇಳಬೇಕೇ ಎಂದು ಪ್ರಶಿಕ್ಷಣಾರ್ಥಿಗಳು ಹಿಂಜರಿಯುತ್ತಾರೆ. ಹೇಳಲೇಬೇಕು ಎನ್ನುತ್ತೇನೆ. ನಮ್ಮ ತರಗತಿಗಳಲ್ಲಿ ಕೂತಿರುವ ಬಹುಪಾಲು ಮಕ್ಕಳು ಆ ಆದ್ಯತೆಯಿಂದಲೇ ಮುಂದೆ ಬಂದ ಮನೆಗಳವರು. ಅವರ ಗದ್ದೆಗೆ ನೀರು ತಂದವರೇ ಆ ವಿಚಾರದಲ್ಲಿ ಬೇರೆ ಕಡೆ ನಿಂತಿದ್ದರು. ಎರಡೂ ನಿಜ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಿದರೆ ಮಕ್ಕಳು ಮುಂದೊಂದು ದಿನ ನಮ್ಮನ್ನು ನಂಬುವುದಿಲ್ಲ.

ಸುಮಾರು ತೊಂಬತ್ತರ ವಯಸ್ಸಿನಲ್ಲಿ, 1951ರಲ್ಲಿ, ಅವರು ತಮ್ಮ ಆತ್ಮಕಥನವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಪುಸ್ತಕದ ಹೆಸರಿನಲ್ಲೇ ಅದು ದುಡಿಮೆಯ ಬದುಕಿನ ನೆನಪು ಎಂದಿದೆ. ಮನೆಯ ವಿಷಯ ಅದರಲ್ಲಿ ಕಡಿಮೆ. ಕೈಗೊಂಡ ಕೆಲಸ, ಎದುರಾದ ಅಡ್ಡಿಗಳು, ಆದ ಫಲ ಹೆಚ್ಚು. 1955ರಲ್ಲಿ ಭಾರತರತ್ನ ಬಂತು, 1962ರಲ್ಲಿ ತೀರಿಕೊಂಡರು.

ನಮಗೆ ಬೇಕಾದ ಅಳತೆ ಆ ಪುಸ್ತಕದಲ್ಲಿದೆ. ಶಿಕ್ಷಕರು ತಮ್ಮ ಬದುಕನ್ನು ಹೇಳುವಾಗ ಕಷ್ಟದ ಪಟ್ಟಿ ಕೊಟ್ಟರೆ ಮಕ್ಕಳು ಮರುಗುತ್ತಾರೆ, ಸಾಧನೆಯ ಪಟ್ಟಿ ಕೊಟ್ಟರೆ ಬೆರಗಾಗುತ್ತಾರೆ. ಎರಡರಿಂದಲೂ ಕೈ ಕೆಲಸಕ್ಕೆ ಇಳಿಯುವುದಿಲ್ಲ. ಯಾವ ತೊಡಕು ಬಂತು, ಏನು ಯೋಚಿಸಿದೆ, ಏನು ಮಾಡಿದೆ ಎಂದು ಹೇಳಿದರೆ ಮಗು ತನ್ನ ತೊಡಕನ್ನು ಪಕ್ಕದಲ್ಲಿಟ್ಟು ನೋಡುತ್ತದೆ. ನಾನು ಮಳವಳ್ಳಿ ಕಡೆಯ, ನಾಲೆಯ ಕೊನೆ ಭಾಗದ ರೈತನ ಮಗ. ಸರದಿ ಬಂದಾಗ ರಾತ್ರಿ ಅಪ್ಪನ ಜೊತೆ ನೀರು ಕಟ್ಟಲು ಹೋಗುತ್ತಿದ್ದೆ. ತೂಬಿನಲ್ಲಿ ಬರುವ ನೀರು ಎಷ್ಟು ಹೊತ್ತಿಗೆ ಎಷ್ಟು ಗದ್ದೆ ತುಂಬುತ್ತದೆ ಎಂದು ಬದುವಿನ ಮೇಲೆ ಕೂತು ಲೆಕ್ಕ ಹಾಕುತ್ತಿದ್ದೆ. ಅನುಪಾತದ ಪಾಠಕ್ಕೆ ನಾನು ಹೇಳುವುದು ಇಷ್ಟೇ. ಮೂರು ನಿಮಿಷ ಸಾಕು. ಆಮೇಲೆ ಮಕ್ಕಳೇ ತಮ್ಮ ಗದ್ದೆಯ ಲೆಕ್ಕ ತರುತ್ತಾರೆ.

ಪಾಠಯೋಜನೆ ಬರೆಯುವಾಗ ಪ್ರಶಿಕ್ಷಣಾರ್ಥಿಗಳು ಮೂರು ವಿಷಯ ನೋಡಿಕೊಳ್ಳಲಿ. ಹೇಳುವ ಅನುಭವ ಅಂದಿನ ಪಾಠಕ್ಕೆ ಸೇರಿರಲಿ. ಅದು ನಡೆದದ್ದೇ ಆಗಿರಲಿ. ದೊಡ್ಡವರ ಹೆಸರಿನಲ್ಲಿ ಓಡಾಡುವ, ಆಧಾರವಿಲ್ಲದ ಕಥೆಗಳನ್ನು ಬಿಡಿ. ಕೊನೆಗೆ, ಅನುಭವ ಮುಗಿಯುವಲ್ಲಿ ಮಕ್ಕಳಿಗೊಂದು ಕೆಲಸ ಶುರುವಾಗಲಿ.