ಪಲ್ವಾಂಕರ್ ಬಾಲೂ: ಧಾರವಾಡದಲ್ಲಿ ಹುಟ್ಟಿ ಮುಂಬೈ ಗೆದ್ದ ಸ್ಪಿನ್ನರ್‌ಗೆ ಸಿಗದೇ ಹೋದ ನಾಯಕತ್ವ

ಕರ್ನಾಟಕದ ಸ್ಪಿನ್ ಬೌಲರ್‌ಗಳು ಎಂದರೆ ಪ್ರಸನ್ನ, ಚಂದ್ರಶೇಖರ್, ಅನಿಲ್ ಕುಂಬ್ಳೆ ಹೆಸರುಗಳು ತಕ್ಷಣ ನೆನಪಾಗುತ್ತವೆ. ಇವರೆಲ್ಲ ಹುಟ್ಟುವುದಕ್ಕೂ ದಶಕಗಳ ಮುಂಚೆ ಧಾರವಾಡದಲ್ಲಿ ಹುಟ್ಟಿದ ಒಬ್ಬ ಎಡಗೈ ಸ್ಪಿನ್ನರ್ ಇಂಗ್ಲೆಂಡ್ ನೆಲದಲ್ಲಿ ಒಂದೇ ಪ್ರವಾಸದಲ್ಲಿ 114 ವಿಕೆಟ್ ಕಿತ್ತಿದ್ದರು. ಅವರ ಹೆಸರು ಪಲ್ವಾಂಕರ್ ಬಾಲೂ. ಭಾರತ ಟೆಸ್ಟ್ ಆಡಲು ಶುರು ಮಾಡಿದ್ದು 1932ರಲ್ಲಿ. ಅಷ್ಟರಲ್ಲಿ ಬಾಲೂ ಆಟ ಬಿಟ್ಟು ಹತ್ತು ವರ್ಷ ದಾಟಿತ್ತು. ಹಾಗಾಗಿ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ.

'ಲಗಾನ್' ಸಿನಿಮಾದಲ್ಲಿ ಎಲ್ಲರಿಂದ ದೂರ ನಿಲ್ಲುವ ಕಚ್ರಾ ಎಂಬ ಬೌಲರ್ ಇದ್ದಾನಲ್ಲ, ಆ ಪಾತ್ರಕ್ಕೆ ಬಾಲೂ ಅವರೇ ಸ್ಫೂರ್ತಿ ಎಂದು ಹೇಳುವವರು ಹಲವರು. ಆದರೆ ಬಾಲೂ ಅವರ ನಿಜ ಬದುಕು ಸಿನಿಮಾಗಿಂತ ದೊಡ್ಡದು. ಒಂದು ಪಂದ್ಯಕ್ಕೆ ತಂಡದೊಳಗೆ ಸೇರಿಸಿಕೊಂಡಲ್ಲಿಗೆ ಅವರ ಕಥೆ ಮುಗಿಯುವುದಿಲ್ಲ. ಗೆಲುವು ಬೇಕಾದಾಗಲೆಲ್ಲ ಅವರನ್ನು ಕರೆದರು. ಗೌರವದ ಸ್ಥಾನ ಕೊಡುವ ಹೊತ್ತು ಬಂದಾಗ ಹಿಂದೆ ಸರಿದರು.

ತಿಂಗಳಿಗೆ 3 ರೂಪಾಯಿ ಸಂಬಳ

ಬಾಲೂ ಹುಟ್ಟಿದ್ದು 1876ರ ಸುಮಾರಿಗೆ, ಧಾರವಾಡದಲ್ಲಿ. ಕುಟುಂಬದ ಮೂಲ ಕೊಂಕಣ ಸೀಮೆಯ ಪಾಲವಣ. ಆ ಊರಿನ ಹೆಸರೇ ಮನೆತನದ ಹೆಸರಾಯಿತು. ಚರ್ಮದ ಕೆಲಸ ಮಾಡುತ್ತಿದ್ದ ಚಮ್ಮಾರ ಸಮುದಾಯಕ್ಕೆ ಸೇರಿದ ಕುಟುಂಬವದು. ಆಗಿನ ಸಮಾಜದ ಕಣ್ಣಿಗೆ ಅಸ್ಪೃಶ್ಯರು. ತಂದೆಗೆ ಪುಣೆಯಲ್ಲಿ ಸೇನೆಯ ಕೆಲಸ ಸಿಕ್ಕಿತು. ಮಕ್ಕಳು ಬೆಳೆದದ್ದು ಅಲ್ಲಿನ ದಂಡಿನ ವಾತಾವರಣದಲ್ಲಿ. ಬ್ರಿಟಿಷ್ ಅಧಿಕಾರಿಗಳು ಬಿಟ್ಟುಹೋದ ಹಳೆಯ ಬ್ಯಾಟು, ಚೆಂಡು ಹಿಡಿದು ಬಾಲೂ ಮತ್ತು ತಮ್ಮ ಶಿವರಾಮ್ ಆಟ ಕಲಿತರು.

ಹುಡುಗ ಬಾಲೂಗೆ ಸಿಕ್ಕ ಮೊದಲ ಕೆಲಸ ಪುಣೆಯ ಪಾರ್ಸಿಗಳ ಕ್ರಿಕೆಟ್ ಕ್ಲಬ್‌ನಲ್ಲಿ. ಪಿಚ್ ಗುಡಿಸಬೇಕು, ರೋಲರ್ ಎಳೆಯಬೇಕು, ಸದಸ್ಯರು ಕೇಳಿದರೆ ನಾಲ್ಕು ಚೆಂಡು ಎಸೆಯಬೇಕು. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಹೊತ್ತಿಗೆ ಯುರೋಪಿಯನ್ನರ ಪೂನಾ ಕ್ಲಬ್ ಸೇರಿದರು. ಸಂಬಳ 4 ರೂಪಾಯಿಗೆ ಏರಿತು. ನೆಟ್ ಕಟ್ಟುವುದು, ಪಿಚ್‌ಗೆ ಗೆರೆ ಎಳೆಯುವುದು ದಿನದ ಕೆಲಸ.

ಆ ಕ್ಲಬ್‌ನಲ್ಲಿ ಜೆ.ಜಿ. ಗ್ರೆಗ್ ಎಂಬ ಸೇನಾಧಿಕಾರಿ ಇದ್ದರು. ಆ ಕಾಲದಲ್ಲಿ ಭಾರತದಲ್ಲಿ ಆಡುತ್ತಿದ್ದ ಇಂಗ್ಲಿಷರಲ್ಲಿ ಅತ್ಯುತ್ತಮ ಬ್ಯಾಟರ್ ಎಂದು ಹೆಸರಾದವರು. ಬೇರೆಯವರು ಮೈದಾನಕ್ಕೆ ಬರುವ ಒಂದು ಗಂಟೆ ಮುಂಚೆಯೇ ಗ್ರೆಗ್ ಬಂದು ಬಾಲೂ ಎಸೆತಗಳನ್ನು ಎದುರಿಸುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ವಾರಕ್ಕೊಮ್ಮೆ ಔಟ್ ಮಾಡಿದರೂ ತಿಂಗಳಿಗೆ 2 ರೂಪಾಯಿ, ಅಂದರೆ ಸಂಬಳದ ಅರ್ಧದಷ್ಟು.

ಗಂಟೆಗಟ್ಟಲೆ ಎಸೆದು ಎಸೆದು ಬಾಲೂ ಕೈ ಪಳಗಿತು. ಚೆಂಡನ್ನು ಎರಡೂ ಕಡೆ ತಿರುಗಿಸುವುದು, ವೇಗ ಬದಲಿಸುವುದು, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹಾಕುವುದು ಕರಗತವಾಯಿತು. ಆದರೆ ಆ ಕ್ಲಬ್‌ನಲ್ಲಿ ಅವರ ಕೈಗೆ ಒಮ್ಮೆಯೂ ಬ್ಯಾಟ್ ಕೊಡಲಿಲ್ಲ. ಬ್ಯಾಟಿಂಗ್ ಸಾಹೇಬರ ಸೊತ್ತು, ಬೌಲಿಂಗ್ ಆಳುಗಳ ಪಾಲು. ಅಂದಿನ ನಿಯಮ ಅದಾಗಿತ್ತು.

ಮೈದಾನದಲ್ಲಿ ಒಂದೇ ಚೆಂಡು, ಪೆವಿಲಿಯನ್‌ನಲ್ಲಿ ಬೇರೆ ಕಪ್ಪು

ಬಾಲೂ ಬೌಲಿಂಗ್ ಸುದ್ದಿ ಊರಲ್ಲಿ ಹರಡಿತು. ಯುರೋಪಿಯನ್ನರನ್ನು ಸೋಲಿಸಬೇಕೆಂದು ಕಾಯುತ್ತಿದ್ದ ಪುಣೆಯ ಹಿಂದೂ ತಂಡದಲ್ಲಿ ಚರ್ಚೆ ಎದ್ದಿತು. ಇಷ್ಟು ಒಳ್ಳೆಯ ಬೌಲರ್ ಪಕ್ಕದಲ್ಲೇ ಇದ್ದಾನೆ, ಕರೆಯಬೇಕೇ ಬೇಡವೇ? ತೆಲುಗು ಸದಸ್ಯರು ಕರೆಯೋಣ ಎಂದರು. ಮರಾಠಿ ಬ್ರಾಹ್ಮಣ ಸದಸ್ಯರಲ್ಲಿ ಹಲವರಿಗೆ ಅದು ಹಿಡಿಸಲಿಲ್ಲ. ಆಗ ಎದುರಾಳಿ ಪಾಳೆಯದ ಗ್ರೆಗ್ ಅವರೇ ಮುಂದೆ ಬಂದು, ಇಂಥ ಬೌಲರ್‌ನನ್ನು ಹೊರಗಿಡುವುದು ಮೂರ್ಖತನ ಎಂಬರ್ಥದಲ್ಲಿ ಬಹಿರಂಗವಾಗಿ ಮಾತನಾಡಿದರು. ಕೊನೆಗೂ ಬಾಲೂ ಆಯ್ಕೆಯಾದರು.

ಮೈದಾನದಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ಚಹಾ ವಿರಾಮ ಬಂದರೆ ಲೆಕ್ಕ ಬದಲಾಗುತ್ತಿತ್ತು. ಉಳಿದವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪು. ಬಾಲೂಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆ. ಕೈಕಾಲು ತೊಳೆಯಬೇಕಾದರೆ ಅವರದೇ ಸಮಾಜದ ಸೇವಕನೊಬ್ಬ ಮೈದಾನದ ಮೂಲೆಗೆ ನೀರು ತಂದು ಸುರಿಯಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು.

ಸತಾರಾದ ಪಂದ್ಯ ಪರಿಸ್ಥಿತಿಯನ್ನು ಸ್ವಲ್ಪ ಬದಲಿಸಿತು. ಅಲ್ಲಿನ ಯುರೋಪಿಯನ್ ಜಿಮ್ಖಾನಾದವರು ಬಾಲೂ ಬೌಲಿಂಗ್ ನಡೆಯಬಾರದೆಂದು ವಾರಗಟ್ಟಲೆ ಪಿಚ್‌ಗೆ ರೋಲರ್ ಹಾಕಿಸಿದ್ದರು. ಬಾಲೂ 7 ವಿಕೆಟ್ ಕಿತ್ತು ಪಂದ್ಯ ಗೆಲ್ಲಿಸಿದರು. ಇದಾದ ಮೇಲೆ ಸಮಾಜ ಸುಧಾರಕ ಮಹಾದೇವ ಗೋವಿಂದ ರಾನಡೆ ಅವರು ತಂಡದ ಮೇಲ್ಜಾತಿಯವರನ್ನು ಬಹಿರಂಗವಾಗಿಯೇ ಪ್ರಶ್ನಿಸಿದರು. ಜೊತೆಗೆ ಆಡಲು ಅಡ್ಡಿಯಿಲ್ಲ ಎಂದಾದರೆ ಜೊತೆಗೆ ಕೂತು ಉಣ್ಣಲು ಏನು ಅಡ್ಡಿ ಎಂಬುದು ಅವರ ವಾದವಾಗಿತ್ತು.

ಮುಂಬೈಗೆ ಬಂದ ಬಾಲೂ

1896ರ ಸುಮಾರಿಗೆ ಬಾಲೂ ಮುಂಬೈಗೆ ಬಂದರು. ಭಾರತದ ಕ್ರಿಕೆಟ್ ಎಂದರೆ ಆಗ ಮುಂಬೈ. ದಕ್ಷಿಣ ಮುಂಬೈನ ಮೈದಾನಗಳಲ್ಲಿ ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು, ಮುಸ್ಲಿಮರು ತಂತಮ್ಮ ಜಿಮ್ಖಾನಾ ಕಟ್ಟಿಕೊಂಡು ಆಡುತ್ತಿದ್ದರು. ಇಂದು ಹುಡುಗರು ಗೈಲ್ಸ್ ಶೀಲ್ಡ್, ಹ್ಯಾರಿಸ್ ಶೀಲ್ಡ್‌ನಂಥ ಶಾಲಾ ಟೂರ್ನಿಗಳಲ್ಲಿ ಮಿಂಚಿ, ವಯೋಮಿತಿ ತಂಡಗಳ ಮೂಲಕ ಮೇಲೇರುತ್ತಾರೆ. ಅಂದಿನ ಪರಿಸ್ಥಿತಿ ಬೇರೆ. ಯಾವ ಸಮುದಾಯದಲ್ಲಿ ಹುಟ್ಟಿದ್ದೀರಿ, ಆ ಸಮುದಾಯದ ಜಿಮ್ಖಾನಾ ನಿಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿತ್ತು.

1894ರಲ್ಲಿ ಆರಂಭವಾಗಿದ್ದ ಪರಮಾನಂದದಾಸ್ ಜೀವನದಾಸ್ ಹಿಂದೂ ಜಿಮ್ಖಾನಾದಲ್ಲೂ ಬಾಲೂ ಪ್ರವೇಶಕ್ಕೆ ಅಪಸ್ವರ ಎದ್ದಿತು. ನಾಯಕ ಕೀರ್ತಿಕರ್ ಪಟ್ಟುಹಿಡಿದು ಅವರನ್ನು ಸೇರಿಸಿಕೊಂಡರು. ಮುಂದೆ ಬಾಲೂ ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ಕೆಲಸಕ್ಕೆ ಸೇರಿ, ಆ ಕಂಪನಿಯ ತಂಡಕ್ಕೂ ಆಡಿದರು. ತಮ್ಮಂದಿರಾದ ಶಿವರಾಮ್, ವಿಠ್ಠಲ್, ಗಣಪತ್ ಒಬ್ಬೊಬ್ಬರಾಗಿ ಅಣ್ಣನ ದಾರಿ ಹಿಡಿದರು.

1906ರ ಫೆಬ್ರವರಿಯಲ್ಲಿ ಬಾಂಬೆ ಜಿಮ್ಖಾನಾ ಮೈದಾನದಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಎದುರಿಸಿತು. ಹಿಂದೂಗಳು 242 ಮತ್ತು 160, ಯುರೋಪಿಯನ್ನರು 191 ಮತ್ತು 102. ಆಳುವವರ ವಿರುದ್ಧ 109 ರನ್‌ಗಳ ಗೆಲುವು. ಬಾಲೂ ಜೊತೆ ತಮ್ಮ ಶಿವರಾಮ್ ಕೂಡ ಆ ತಂಡದಲ್ಲಿದ್ದರು. ಜಾತಿ ನೋಡದೆ ಆಯ್ಕೆ ಮಾಡಿದರೆ ಏನಾಗಬಹುದು ಎಂಬುದಕ್ಕೆ ಈ ಗೆಲುವೇ ಸಾಕ್ಷಿ ಎಂದು ಸುಧಾರಣಾವಾದಿಗಳು ಬರೆದರು. ಮರುವರ್ಷ ಹಿಂದೂಗಳೂ ಸೇರಿ ತ್ರಿಕೋನ ಟೂರ್ನಿ ಆರಂಭವಾಯಿತು. 1912ರಲ್ಲಿ ಮುಸ್ಲಿಮರು ಸೇರಿದಾಗ ಅದು ಚತುಷ್ಕೋನ ಟೂರ್ನಿಯಾಯಿತು.

35ರ ವಯಸ್ಸಲ್ಲಿ ಅಖಿಲ ಭಾರತ ತಂಡ

ಇಂಗ್ಲೆಂಡ್‌ಗೆ ಭಾರತದ ತಂಡ ಕಳಿಸುವ ಯತ್ನ ಶತಮಾನದ ಆರಂಭದಲ್ಲೇ ನಡೆದಿತ್ತು. ಯಾವ ಸಮುದಾಯದಿಂದ ಎಷ್ಟು ಆಟಗಾರರು ಎಂಬ ಜಗಳದಲ್ಲಿ ಅದು ಮುರಿದುಬಿತ್ತು. ಕೊನೆಗೆ 1911ರಲ್ಲಿ ತಂಡ ಸಿದ್ಧವಾಯಿತು. ನಾಯಕ 19 ವರ್ಷದ ಪಟಿಯಾಲ ಮಹಾರಾಜ ಭೂಪಿಂದರ್ ಸಿಂಗ್. ಬಾಲೂ ಮತ್ತು ಶಿವರಾಮ್ ಇಬ್ಬರೂ ಆಯ್ಕೆಯಾದರು. ಮೇ ತಿಂಗಳಲ್ಲಿ ತಂಡ ಮುಂಬೈನಿಂದ ಹಡಗು ಹತ್ತಿತು. ಬಾಲೂಗೆ ಆಗ 35 ವರ್ಷ ಆಸುಪಾಸು. ಭುಜದ ನೋವೂ ಶುರುವಾಗಿತ್ತು.

ಪ್ರವಾಸದಲ್ಲಿ ತಂಡ ಸಾಲುಸಾಲು ಪಂದ್ಯ ಸೋತಿತು. ಮಹಾರಾಜರು ಹೆಚ್ಚಿನ ಸಮಯ ಐದನೇ ಜಾರ್ಜ್ ಪಟ್ಟಾಭಿಷೇಕದ ಸಮಾರಂಭ, ಔತಣಗಳಲ್ಲಿ ಕಳೆದರು. 14 ಪ್ರಥಮ ದರ್ಜೆ ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ಆ ಎರಡರಲ್ಲೂ ಈ ಅಣ್ಣತಮ್ಮಂದಿರ ಛಾಪಿತ್ತು. ಲೀಸ್ಟರ್‌ಷೈರ್ ವಿರುದ್ಧ ಬಾಲೂ ಎರಡೂ ಇನ್ನಿಂಗ್ಸ್ ಸೇರಿ 11 ವಿಕೆಟ್ ಕಿತ್ತರು. ಸಾಮರ್ಸೆಟ್ ವಿರುದ್ಧ ಶಿವರಾಮ್ ಅಜೇಯ 113 ರನ್ ಹೊಡೆದು ಒಂದು ವಿಕೆಟ್‌ನ ರೋಚಕ ಗೆಲುವು ತಂದರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸ್‌ನಲ್ಲಿ ಬಾಲೂ 103 ರನ್‌ಗೆ 8 ವಿಕೆಟ್ ಪಡೆದರು.

ಎಲ್ಲ ಪಂದ್ಯಗಳನ್ನೂ ಸೇರಿಸಿದರೆ 18.84ರ ಸರಾಸರಿಯಲ್ಲಿ 114 ವಿಕೆಟ್. ಅದರಲ್ಲಿ 75 ಪ್ರಥಮ ದರ್ಜೆ ಪಂದ್ಯಗಳಲ್ಲಿ ಬಂದವು. ಇಂಗ್ಲೆಂಡಿನ ಹೆಸರಾಂತ ಎಡಗೈ ಸ್ಪಿನ್ನರ್ ವಿಲ್ಫ್ರೆಡ್ ರೋಡ್ಸ್ ಜೊತೆ ಹೋಲಿಸಿ ಬಾಲೂ ಅವರನ್ನು ಭಾರತದ ರೋಡ್ಸ್ ಎಂದು ಕರೆದರು.

ಮರಳಿ ಬಂದಾಗ ಮುಂಬೈನ ದಲಿತ ಸಮುದಾಯ ಅವರಿಗೆ ಸನ್ಮಾನ ಏರ್ಪಡಿಸಿತು. ಅಲ್ಲಿ ಅರ್ಪಿಸಿದ ಮಾನಪತ್ರ ಬರೆದುಕೊಟ್ಟವರು 20 ವರ್ಷದ ಒಬ್ಬ ಕಾಲೇಜು ವಿದ್ಯಾರ್ಥಿ. ಹೆಸರು ಭೀಮರಾವ್ ಅಂಬೇಡ್ಕರ್.

ನಾಯಕತ್ವದ ಪ್ರಶ್ನೆ

ಹಿಂದೂ ತಂಡದಲ್ಲಿ ಅತ್ಯಂತ ಅನುಭವಿ ಆಟಗಾರ ಬಾಲೂ. ಆದರೂ ನಾಯಕ ಸ್ಥಾನ ಪ್ರತಿ ಬಾರಿ ಮೇಲ್ಜಾತಿಯವರಿಗೇ ಹೋಗುತ್ತಿತ್ತು. ನಾಯಕರಾಗಿದ್ದ ಎಂ.ಡಿ. ಪೈ ಅವರೇ 1913ರಲ್ಲಿ, ಹಿರಿಯರಾದ ಬಾಲೂಗೆ ಈ ಗೌರವ ಸಲ್ಲಬೇಕಿತ್ತು ಎಂದು ಒಪ್ಪಿಕೊಂಡಿದ್ದರು. ಆದರೆ ಆಯ್ಕೆ ಸಮಿತಿ ಕದಲಲಿಲ್ಲ.

1920ರಲ್ಲಿ ಹೊಗೆಯಾಡುತ್ತಿದ್ದದ್ದು ಬೆಂಕಿಯಾಯಿತು. ಆ ವರ್ಷ ಬಾಲೂ ಅವರನ್ನು ತಂಡದಿಂದಲೇ ಕೈಬಿಟ್ಟರು. ಪೈ ಅನಾರೋಗ್ಯದಿಂದ ಮೊದಲ ಪಂದ್ಯಕ್ಕೆ ಸಿಗಲಿಲ್ಲ. ಶಿವರಾಮ್, ವಿಠ್ಠಲ್ ಇಬ್ಬರೂ ತಂಡದಲ್ಲಿದ್ದರೂ ನಾಯಕತ್ವವನ್ನು ಡಿ.ಬಿ. ದೇವಧರ್ ಅವರಿಗೆ ಕೊಡಲಾಯಿತು. ಅಣ್ಣತಮ್ಮಂದಿರು ತಂಡದಿಂದ ಹೊರನಡೆದರು. ತಮ್ಮನ್ನು ಹಿಂದಿಟ್ಟದ್ದಕ್ಕೆ ಜಾತಿಯೇ ಕಾರಣ ಎಂದು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟರು. ಮುಂಬೈನಲ್ಲಿ ಚರ್ಚೆ ಕಾವೇರಿತು. ಗಾಂಧೀಜಿ ಅಸ್ಪೃಶ್ಯತೆಯ ವಿರುದ್ಧ ಮಾತನಾಡುತ್ತಿದ್ದ ಕಾಲವದು.

ಸಮಿತಿ ಬಗ್ಗಲೇಬೇಕಾಯಿತು. ಮುಂದಿನ ಪಂದ್ಯಕ್ಕೆ ಪೈ ಮರಳಿದರು, ಸೋದರರೂ ಮರಳಿದರು, ಬಾಲೂ ಉಪನಾಯಕರಾದರು. ಪಂದ್ಯದ ನಡುವೆ ಪೈ ಮೈದಾನ ಬಿಟ್ಟು ಹೊರಹೋದರು. ಅಷ್ಟು ಹೊತ್ತು ಬಾಲೂ ತಂಡವನ್ನು ನಡೆಸಿದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆಡಿದ ಮೇಲೆ ಅವರಿಗೆ ಸಿಕ್ಕ ನಾಯಕತ್ವ ಇಷ್ಟೇ.

ಅಣ್ಣನಿಗೆ ಸಿಗದ್ದು ತಮ್ಮನಿಗೆ ಸಿಕ್ಕಿತು. 1923ರಲ್ಲಿ ವಿಠ್ಠಲ್ ಹಿಂದೂ ತಂಡದ ನಾಯಕರಾದರು. ಆ ವರ್ಷದ ಚತುಷ್ಕೋನ ಟೂರ್ನಿಯನ್ನು ತಂಡ ಗೆದ್ದಿತು. ಮುಂದೆ 1948ರಲ್ಲಿ ವಿಠ್ಠಲ್ ಮರಾಠಿಯಲ್ಲಿ ತಮ್ಮ ಕ್ರೀಡಾ ಜೀವನದ ಕಥೆ ಬರೆದರು. ಪಲ್ವಾಂಕರ್ ಮನೆಯೊಳಗಿನ ಹೋರಾಟ ಇಷ್ಟಾದರೂ ದಾಖಲಾಗಿ ಉಳಿದದ್ದಕ್ಕೆ ಆ ಪುಸ್ತಕವೂ ಕಾರಣ.

ಅಂಬೇಡ್ಕರ್ ಎದುರು ಚುನಾವಣೆ

ಆಟ ಬಿಟ್ಟ ಮೇಲೆ ಬಾಲೂ ಸಾರ್ವಜನಿಕ ಜೀವನಕ್ಕೆ ಬಂದರು. ಯುವ ಅಂಬೇಡ್ಕರ್ ಪಾಲಿಗೆ ಬಾಲೂ ಹೆಮ್ಮೆಯ ವ್ಯಕ್ತಿ. ಆದರೆ 1930ರ ದಶಕದಲ್ಲಿ ಇಬ್ಬರ ದಾರಿ ಬೇರೆಯಾಯಿತು. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂಬುದು ಅಂಬೇಡ್ಕರ್ ನಿಲುವು. ಬಾಲೂ ಮತ್ತು ಮದ್ರಾಸಿನ ಎಂ.ಸಿ. ರಾಜಾ ಅದನ್ನು ಒಪ್ಪಲಿಲ್ಲ. 1932ರ ಸೆಪ್ಟೆಂಬರ್ 24ರಂದು ಆದ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಲೂ ಕೂಡ ಒಬ್ಬರು. 1935ರಲ್ಲಿ ಅಂಬೇಡ್ಕರ್ ಹಿಂದೂ ಧರ್ಮ ಬಿಡುವುದಾಗಿ ಘೋಷಿಸಿದಾಗಲೂ ಬಾಲೂ ಜೊತೆಯಾಗಲಿಲ್ಲ.

1937ರ ಪ್ರಾಂತೀಯ ಚುನಾವಣೆಯಲ್ಲಿ ಮುಂಬೈನ ಮೀಸಲು ಸ್ಥಾನಕ್ಕೆ ಅಂಬೇಡ್ಕರ್ ಎದುರು ಕಾಂಗ್ರೆಸ್ ನಿಲ್ಲಿಸಿದ್ದು ಬಾಲೂ ಅವರನ್ನೇ. ಅಂಬೇಡ್ಕರ್‌ಗೆ 13,245 ಮತ, ಬಾಲೂಗೆ 11,225 ಮತ. ಒಂದು ಕಾಲದಲ್ಲಿ ತಮಗೆ ಮಾನಪತ್ರ ಬರೆದುಕೊಟ್ಟ ಹುಡುಗನ ಎದುರು ಬಾಲೂ ಸುಮಾರು 2 ಸಾವಿರ ಮತಗಳಿಂದ ಸೋತರು.

1955ರ ಜುಲೈ 4ರಂದು ಬಾಲೂ ಮುಂಬೈನಲ್ಲಿ ನಿಧನರಾದರು. ಸಾಂತಾಕ್ರೂಜ್‌ನಲ್ಲಿ ಅಂತ್ಯಕ್ರಿಯೆ ನಡೆಯಿತು.

ದಾಖಲೆ ಪುಸ್ತಕದಲ್ಲಿ ಅವರ ಲೆಕ್ಕ ಹೀಗಿದೆ: 33 ಪ್ರಥಮ ದರ್ಜೆ ಪಂದ್ಯ, 179 ವಿಕೆಟ್, ಸರಾಸರಿ 15.21. ಇನ್ನಿಂಗ್ಸ್‌ನಲ್ಲಿ 5 ಅಥವಾ ಅದಕ್ಕಿಂತ ಹೆಚ್ಚು ವಿಕೆಟ್ ಪಡೆದದ್ದು 17 ಬಾರಿ. 1906ರಲ್ಲಿ ಅವರು ಯುರೋಪಿಯನ್ನರನ್ನು ಮಣಿಸಿದ ಅದೇ ಬಾಂಬೆ ಜಿಮ್ಖಾನಾ ಮೈದಾನದಲ್ಲಿ 1933ರ ಡಿಸೆಂಬರ್‌ನಲ್ಲಿ ಭಾರತದ ನೆಲದ ಮೊದಲ ಟೆಸ್ಟ್ ನಡೆಯಿತು. ನಾಯಕ ಎಂಬ ಕಾಲಂನಲ್ಲಿ ಮಾತ್ರ ಬಾಲೂ ಹೆಸರು ಎಲ್ಲೂ ದಾಖಲಾಗಿಲ್ಲ.